ವಾಡೇಕ್ಕ ಇತಿಹಾಸ ಅದ, ಗುಡಸಲಕ್ಕ ಇಲ್ಲೇನು?



ಬರಹ ಸ್ವಲ್ಪ ಉದ್ದ ಅದ. ಪುರುಸೊತ್ತು ಮಾಡಿಕೊಂಡು ಓದ್ರಿ.

ಫೇಸ್‌ಬುಕ್‌ದಾಗ ಈಗ ಹಳೇ ಮನೆಗಳ ಫೋಟೋ ಹಾಕೋ ಸುಗ್ಗಿ ನಡೆದದ. ಯಾದಗಿರಿ, ಶಹಾಪುರ, ಸುರಪುರ ಕಡೆಯ ವಾಡೆಗಳು, ಕೆತ್ತಿದ ಬಾಗಿಲು, ಸಾಗವಾನಿ ಕಂಬ, ಪಡಸಾಲಿ, ಬೀಸೋಕಲ್ಲು, ಹಗೇವು. ಕೆಳಗೆ 'ಎಂಥಾ ಚೆಂದ ಕಾಲ ಇತ್ತು', 'ಎಲ್ಲರೂ ಕೂಡಿ ಬಾಳಿದ ಕಾಲ' ಅಂತ ಕಾಮೆಂಟುಗಳು. ಫೋಟೋ ಚೆಂದ ಇರ್ತಾವ, ಅದು ಸುಳ್ಳಲ್ಲ. ನನ್ನ ಪ್ರಶ್ನೆ ಬೇರೆ. ಆ ಗ್ವಾಡಿಗೆ ಮಣ್ಣು ತುಳಿದವರು ಯಾರು? ಆ ಪಡಸಾಲಿಯ ಮ್ಯಾಲ ಕೂಡ್ರೋ ಹಕ್ಕು ನಮ್ಮ ಮುತ್ಯಾಗ ಇತ್ತೇನು? ಆ ಹಗೇವಿನೊಳಗ ಮೊದಲು ಇಳಿದವನು ಯಾರು? ಒಂದು ವಾಡೆ ಬಿದ್ದರೆ 'ಪರಂಪರೆ ಹಾಳಾಯ್ತು' ಅಂತೀರಿ. ಒಂದು ಮಳೆಗಾಲಕ್ಕ ಕೇರಿಯೊಳಗ ಹತ್ತು ಮನೆ ಬಿದ್ದರೆ ಅದು ಬರೀ 'ಮಳೆ ಹಾನಿ ವರದಿ' ಯಾಕಾಗತದ?

ನಮ್ಮ ಭಾಗದ ಇತಿಹಾಸ ಅಂದರೆ ಏನು ಬರೀತಾರ? ಯಾದಗಿರಿ ಕೋಟೆ, ಸುರಪುರದ ಅರಮನೆ, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ರಾಜಾ ವೆಂಕಟಪ್ಪ ನಾಯಕ. ಬೇಡ ನಾಯಕರ ಆ ಹೋರಾಟ ನಮಗೂ ಹೆಮ್ಮೆ, ಅದರಾಗ ಎರಡು ಮಾತಿಲ್ಲ. ಅದಕ್ಕೂ ಮೊದಲು, 1840ರ ದಶಕದಿಂದ 1853ರ ತನಕ, ಸುರಪುರದ ಆಡಳಿತ ನೋಡಿಕೊಂಡವನು ಫಿಲಿಪ್ ಮೆಡೋಸ್ ಟೇಲರ್ ಅನ್ನೋ ಅಧಿಕಾರಿ. ಅವನ ಬಂಗಲೆ ಟೇಲರ್ ಮಂಜಿಲ್ ಅಂತ ಇವತ್ತಿಗೂ ಹೆಸರಾಗಿ ನಿಂತದ. ಅವನು ಆತ್ಮಕಥೆ ಬರೆದ. ರಾಜನಕೋಳೂರಿನ ಕಲ್ಲುಗೋರಿಗಳ ಬಗ್ಗೆ ಬರೆದ. ನಮ್ಮ ಜನ ಮೋರೇರ ಮನಿ ಅಂತ ಕರೆಯೋ ಆ ಗೋರಿಗಳಿಗೆ ಸಾವಿರಾರು ವರ್ಷ ವಯಸ್ಸು. ನೋಡ್ರಿ, ಎಂದೋ ಸತ್ತವರ ಕಲ್ಲಿನ ಮನೆ ಕೂಡ ಪುಸ್ತಕ ಸೇರಿತು. ಆದರೆ ಆ ಬಂಗಲೆಗೆ ಕಲ್ಲು ಹೊತ್ತವರು ರಾತ್ರಿ ಮಲಗಿದ ಗುಡಸಲ ಎಷ್ಟು ಮೊಳ ಇತ್ತು? ಆ ಅಳತಿ ಯಾವ ಪುಸ್ತಕದಾಗೂ ನನಗ ಸಿಕ್ಕಿಲ್ಲ.

ಇನ್ನೂ ಹಿಂದಕ್ಕ ಹೋಗೋಣ. ಸುರಪುರದ ಕಡೆ ಬೂದಿಹಾಳ ಅಂತ ಊರದ. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರ ತಂಡ 1990ರ ದಶಕದಲ್ಲಿ ಅಲ್ಲಿ ಬೂದಿ ದಿಬ್ಬ ಅಗೆದು ನೋಡಿತು. ಸುಮಾರು 4000 ವರ್ಷದ ಹಿಂದೆ ಅಲ್ಲಿ ದನ ಸಾಕುವ ಜನ ಇದ್ದರು. ದೊಡ್ಡ ದನದ ಹಟ್ಟಿ, ಹೆಂಡಿ ಒಟ್ಟಿ ಸುಟ್ಟು ಎದ್ದ ಬೂದಿಯ ದಿಬ್ಬ, ಜನ ವಾಸ ಇದ್ದ ಜಾಗ, ಕಲ್ಲಿನ ಆಯುಧ ಮಾಡೋ ಜಾಗ, ಸತ್ತ ಮಕ್ಕಳನ್ನ ಹೂಳಿದ ಕುಣಿ. ಅಷ್ಟೇ ಅಲ್ಲ, ದನ ಕೊಯ್ದು ಪಾಲು ಹಾಕುತ್ತಿದ್ದ ಒಂದು ನೆಲವೂ ಸಿಕ್ಕಿತು. ದನ ಕಟ್ಟೋದು, ಅಡಿಗಿ ಮಾಡೋದು, ಖಂಡ ಕೊಯ್ಯೋದು, ಮಲಗೋದು ಎಲ್ಲಾ ಒಂದೇ ವಸತಿಯ ಸುತ್ತ. ದನ ಮುಟ್ಟಿದವನು, ಖಂಡ ಕೊಯ್ದವನು ಹೊಲಸು, ಅವನು ಊರ ಹೊರಗ ಇರಬೇಕು ಅನ್ನೋ ಕಟ್ಟಳೆ ಈ ನೆಲ ಹುಟ್ಟಿದಾಗಿನಿಂದ ಬಂದದ್ದಲ್ಲ. ಆಮೇಲೆ ಯಾರೋ ಹಾಕಿದ್ದು. ಹಾಕಿದ್ದನ್ನ ತೆಗೀಲಿಕ್ಕೂ ಬರ್ತದ.

ಈಗ ನಮ್ಮ ಸಗರನಾಡಿನ ಹಳೇ ಊರಿನ ನಕ್ಷೆ ಕಣ್ಣ ಮುಂದ ತಂದುಕೊಳ್ರಿ. ಕೃಷ್ಣಾ ಮತ್ತು ಭೀಮಾ ನಡುವಿನ ಎರಿ ಭೂಮಿ, ಅಲ್ಲಲ್ಲಿ ಕಲ್ಲಿನ ಗುಡ್ಡ. ಊರಿಗೊಂದು ಅಗಸಿ. ಅಗಸಿ ಒಳಗ ಚಾವಡಿ, ಹನುಮಂತ ದೇವರ ಗುಡಿ, ಗೌಡರ ವಾಡೆ, ಕುಲಕರ್ಣಿ ಮನಿ, ಎತ್ತರಕ್ಕ ಹುಡೇವು. ಅದರ ಸುತ್ತ ಒಕ್ಕಲಿಗರ ಮಾಳಗಿ ಮನಿಗಳು, ಗ್ವಾಡಿಗೆ ಗ್ವಾಡಿ ಹತ್ತಿಕೊಂಡು. ಆಮೇಲೆ ಬಡಿಗೇರ, ಕಂಬಾರ, ಕುಂಬಾರರ ಮನಿ. ಅಗಸಿ ದಾಟಿ ಹೊರಗ ಬಂದರೆ ನಾವು. ಎಲ್ಲಾ ಊರಾಗೂ ಒಂದೇ ದಿಕ್ಕು ಅಂತಲ್ಲ, ಆದರೆ ನಾನು ಓಡಾಡಿದ ಊರುಗಳಲ್ಲಿ ಊರಿನ ಬಚ್ಚಲ ನೀರು ಎತ್ತ ಹರೀತದೋ ಅತ್ತ ಕೇರಿ. ಮಳಿ ಬಂದರೆ ಊರಿನ ಹೊಲಸೆಲ್ಲ ತೊಳಕೊಂಡು ಬಂದು ನಮ್ಮ ಒಲಿ ಮುಂದ ನಿಲ್ಲತಿತ್ತು. ಕೇರಿ ಹೊಲಸು ಅಂತ ಬೈಯೋರು, ಆ ಹೊಲಸು ಎಲ್ಲಿಂದ ಹರಿದು ಬಂತು ಅಂತ ಕೇಳಲಿಲ್ಲ.

ಬಾಬಾಸಾಹೇಬರು ಹಳ್ಳಿಗಳು ಅಸ್ಪೃಶ್ಯರ ಮ್ಯಾಲ ಹೇರಿದ ಕಟ್ಟಳೆಗಳನ್ನ ಪಟ್ಟಿ ಮಾಡಿ ಬರೆದಾರ. ಬೇರೆ ಇರಬೇಕು, ತೆಂಕಣ ದಿಕ್ಕಿಗೆ ಇರಬೇಕು, ಹೆಂಚಿನ ಮನೆ ಕಟ್ಟಬಾರದು, ಒಳ್ಳೆ ಬಟ್ಟೆ ಹಾಕಬಾರದು. ಮನೆಯ ಮ್ಯಾಲಿನ ಹೊದಿಕೆ ಏನಿರಬೇಕು ಅನ್ನೋದನ್ನೂ ಜಾತಿ ತೀರ್ಮಾನ ಮಾಡತಿತ್ತು ಅನ್ನೋದನ್ನ ಗಮನಿಸ್ರಿ. ನಮ್ಮ ಕಡೆ ಹೆಂಚಿನ ಮನಿ ಕಡಿಮಿ, ಇಲ್ಲಿ ಮರ್ಯಾದಿ ಇರೋದು ಮಾಳಗಿಗೆ. ಹಾಂಗಾಗಿ ಇಲ್ಲಿನ ಕಟ್ಟಳೆಯೂ ಬೇರೆ. ನಮ್ಮ ಮುತ್ಯಾ ಹೇಳತಿದ್ದ: "ಕೇರ್ಯಾಗ ಯಾವನಾದ್ರೂ ಬಾಗಿಲ ಮುಂದ ಎತ್ತರದ ಕಟ್ಟಿ ಕಟ್ಟಿದ್ರ ಗೌಡ್ರ ಆಳು ಬಂದು ಕೇಳ್ತಿದ್ದ, ಯಾರ್ನ ಕುಂದ್ರಸಾಕ ಕಟ್ಟೀಯೋ ಇದನ್ನ ಅಂತ." ಕಟ್ಟಿ ಅಂದರೆ ಬರೀ ಕಲ್ಲು ಮಣ್ಣಲ್ಲ. ದಾರಿಯಾಗ ಹೋಗೋ ಧಣಿಗಿಂತ ಎತ್ತರಕ್ಕ ಕೂಡ್ರೋದು. ಅದಕ್ಕ ಕೇಳತಿದ್ದರು.

ಇನ್ನು ಮಾಳಗಿ ಮನಿ ಹೆಂಗ ಏಳತಿತ್ತು ಅಂತ ಹೇಳತೀನಿ. ಫೋಟೋದಾಗ ಇದು ಕಾಣಂಗಿಲ್ಲ.

ಮನಿ ಅಳತಿ ಅಂಕಣದ ಲೆಕ್ಕ. ಎರಡು ಕಂಬದ ನಡುವಿನ ಜಾಗ ಒಂದು ಅಂಕಣ. ಎಂಟಂಕಣದ ಮನಿ, ಹದಿನಾರಂಕಣದ ಮನಿ ಅಂದರೆ ಊರಾಗ ಹೆಸರು. ಮೊದಲು ಮಣ್ಣು ಕಡೀಬೇಕು. ನೀರು ಬಿಟ್ಟು, ಹೊಟ್ಟು ಹಾಕಿ, ತುಳಿದು, ಕೊಳಿಯಾಕ ಬಿಡಬೇಕು, ಮತ್ತ ತುಳಿಬೇಕು. ತುಳಿಯೋ ಕಾಲು ನಮ್ಮವು. ಹುಣಸಗಿ ಕಡೆ ಆದರೆ ಪರ್ಸಿ ಕಲ್ಲು, ಶಹಾಪುರ ಕಡೆ ಗುಡ್ಡದ ಕಲ್ಲು. ಒಡಿಯೋರು ವಡ್ಡರು, ಹೊರೋರು ನಾವು. ಗ್ವಾಡಿ ಎರಡು ಮೊಳ ದಪ್ಪ. ಕಂಬ, ಕಂಬದ ಮ್ಯಾಲ ತೊಲಿ, ತೊಲಿ ಮ್ಯಾಲ ಸಾಲಾಗಿ ಜಂತಿ. ಇದು ಬಡಿಗೇರರ ಕೆಲಸ. ಜಂತಿ ಮ್ಯಾಲ ಕಟಗಿ ಚಕ್ಕಿ ಇಲ್ಲಾ ಪರ್ಸಿ ಹಾಸಿ, ಅದರ ಮ್ಯಾಲ ಬೇವಿನ ತಪ್ಪಲ, ಲಕ್ಕಿ ತಪ್ಪಲ. ಗೆದ್ದಲ ಬರಬಾರದು ಅಂತ. ಆಮೇಲೆ ಹಸಿ ಮಣ್ಣು, ಕಡೀಗೆ ಸೌಳು ಮಣ್ಣು. ಸೌಳು ಮಣ್ಣು ನೀರು ಇಳಿಯಾಕ ಬಿಡಂಗಿಲ್ಲ. ಅದನ್ನ ಎಲ್ಲಿಂದ ತರಬೇಕು, ಯಾವ ಹಳ್ಳದ ದಂಡಿಯ ಮಣ್ಣು ಸೋರಂಗಿಲ್ಲ, ಎಷ್ಟು ಬಟ್ಟು ದಪ್ಪ ಹಾಕಬೇಕು ಅನ್ನೋ ಜ್ಞಾನ ನಮ್ಮ ಕೇರಿ ಗಂಡಸರು ಹೆಂಗಸರ ಹಂತೇಕ ಇತ್ತು. ವರ್ಷಾ ರೋಣಿ ಮಳಿಗಿಂತ ಮೊದಲು ಊರಿನ ಮಾಳಗಿ ಹತ್ತಿ ಹೊಸ ಮಣ್ಣು ಹಾಕಿ ಬಡಿಯೋದು ಬಿಟ್ಟಿ ಕೆಲಸ. ಕೂಲಿ ಇಲ್ಲ, ಮಧ್ಯಾಹ್ನಕ್ಕ ಎರಡು ರೊಟ್ಟಿ, ಮ್ಯಾಲಿಂದ ಹಾಕಿದ ಹಿಂಡಿ.

ಇಲ್ಲೇ ಒಂದು ಮಾತು. ನಾವು ಮಾಳಗಿ ಮ್ಯಾಲ ಹತ್ತಬಹುದಿತ್ತು, ಹೊರಗಿಂದ ನಿಚ್ಚಣಕಿ ಹಾಕಿ. ಅದೇ ಮಾಳಗಿಯ ಕೆಳಗ, ಹೊಸ್ತಿಲ ದಾಟಿ ಒಳಗ ಹೋಗುವಂಗಿದ್ದಿಲ್ಲ. ಮನಿ ಕಟ್ಟೋ ತನಕ ಒಳಗ ಓಡಾಡಿದ ಕಾಲು, ಶಾಂತಿ ಆದ ಮರುದಿನದಿಂದ ಮೈಲಿಗಿ. ಅದೇ ಗ್ವಾಡಿ, ಅದೇ ಮಣ್ಣು, ಅದೇ ಕಾಲು. ಬದಲಾದದ್ದು ಏನು? ಯಾರಾದರೂ ಶಾಸ್ತ್ರ ಓದಿದವರು ಹೇಳ್ರಿ.

ಹಗೇವಿನ ವಿಚಾರ. ಹಗೇವು ಅಂದರೆ ಗೊತ್ತಿಲ್ಲದ ಹುಡುಗರಿಗೆ ಹೇಳತೀನಿ: ವಾಡೆಯ ಅಂಗಳದಾಗ ಇಲ್ಲಾ ಅಗಸಿ ಮುಂದ ನೆಲದೊಳಗ ತೋಡಿದ ಜೋಳದ ಕಣಜ. ಬಾಯಿ ಸಣ್ಣದು, ಹೊಟ್ಟಿ ದೊಡ್ಡದು. ಒಳಗ ಸುತ್ತಲೂ ಜೋಳದ ದಂಟು, ಹುಲ್ಲು ಕಟ್ಟಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳ ಬೀಳಂಗಿಲ್ಲ. ಯಾಕಂದರೆ ಒಳಗಿನ ಕಾಳು ಉಸಿರಾಡಿ ಉಸಿರಾಡಿ ಗಾಳಿಯೆಲ್ಲಾ ಕೆಟ್ಟ ಗಾಳಿ ಆಗತದ, ಅದರಾಗ ಹುಳ ಬದುಕಂಗಿಲ್ಲ. ಹುಳ ಬದುಕದ ಗಾಳಿಯಾಗ ಮನುಷ್ಯಾನೂ ಬದುಕಂಗಿಲ್ಲ. ಹಗೇವು ತೆಗೆದು ಒಂದಿಡೀ ದಿನ ಬಾಯಿ ತೆರೆದಿಡಬೇಕು, ಆಮೇಲೆ ಹಗ್ಗಕ್ಕ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಯಾರೂ ಇಳೀಬಾರದು. ಆದರೆ ಧಣಿಗೆ ಅವಸರ ಇದ್ದಾಗ ಕಂದೀಲಿನ ಬದಲು ಇಳಿದದ್ದು ಜೀತದ ಆಳು. ನಮ್ಮ ಮುತ್ಯಾ ತನ್ನ ಸಣ್ಣಪ್ಪನನ್ನ ಹಾಂಗ ಕಳಕೊಂಡ. "ಮ್ಯಾಲ ಎಳೆದು ಹಾಕಿದಾಗ ಕೈಯಾಗ ಜೋಳ ಹಿಡಕೊಂಡಿದ್ದ" ಅಂತ ಹೇಳತಿದ್ದ. ಅದಕ್ಕ ಪಂಚನಾಮೆ ಇಲ್ಲ, ಕೇಸಿಲ್ಲ. ಹೆಣದ ಜತಿಗೆ ಎರಡು ಚೀಲ ಜೋಳ ಕಳಿಸಿದರಂತ. ಮುಂದಿನ ಸಲ ಹಗೇವಿನ ಫೋಟೋ ಹಾಕಿ 'ನಮ್ಮ ಪೂರ್ವಜರ ವಿಜ್ಞಾನ' ಅಂತ ಬರೆಯುವಾಗ ಆ ಕೈಯನ್ನೂ ನೆನೆಸ್ರಿ. ವಿಜ್ಞಾನ ಹೌದು. ಅದರ ಪ್ರಯೋಗ ನಮ್ಮ ಮ್ಯಾಲ ಆಯ್ತು.

ಕೇರಿಯೊಳಗ ಹಗೇವು ಯಾಕಿರಲಿಲ್ಲ ಅಂತ ಬಿಡಿಸಿ ಹೇಳೋದು ಬ್ಯಾಡ. ತುಂಬಾಕ ಜೋಳ ಇದ್ದಿಲ್ಲ. ಸುಗ್ಗಿಯಾಗ ಕಣಕ್ಕ ಹೋಗಿ ನಿಂತು ಆಯ ತರೋದು, ಕಣ ಬಳಿದ ಮ್ಯಾಲ ಉಳಿದ ಮಣ್ಣುಗಾಳು ಗುಡಿಸಿ ತರೋದು. ಅದು ಎರಡು ಗಡಗಿ, ಹೆಚ್ಚಂದರೆ ಒಂದು ಗುಮ್ಮಿ. ಹೋಳಿ ಹುಣ್ಣಿಮೆಗೆ ತುಂಬಿದ ಗುಮ್ಮಿ ಮಿರಗದ ಮಳಿ ಹೊತ್ತಿಗೆ ಖಾಲಿ. ಅಲ್ಲಿಂದ ಮುಂದ ಅದೇ ವಾಡೆ ಹಿತ್ತಲ ಬಾಗಿಲಿಗೆ ಹೋಗಿ ನಿಂತು ಜೋಳ ಸಾಲ ಕೇಳೋದು. ಒಂದು ಚೀಲಕ್ಕ ಸುಗ್ಗಿಯಾಗ ಒಂದೂವರಿ ಚೀಲ. ತೀರದಿದ್ದರೆ ಮಗನನ್ನ ಸಂಬಳಕ್ಕ ಇಡೋದು. ಹಗೇವು ಇದ್ದವನು ಸಾಲ ಕೊಡತಿದ್ದ, ಗಡಗಿ ಇದ್ದವನು ಸಾಲ ತರತಿದ್ದ. ಜೀತ ಅನ್ನೋದು ಎಲ್ಲೋ ಹೊಲದಾಗ ಹುಟ್ಟಿದ್ದಲ್ಲ, ಮನಿಯೊಳಗ ಕಾಳು ಇಡಾಕ ಜಾಗ ಇಲ್ಲದ್ದರಿಂದ, ಇಡಾಕ ಕಾಳು ಇಲ್ಲದ್ದರಿಂದ ಹುಟ್ಟಿತು.

ಈಗ ನಮ್ಮ ಗುಡಸಲದೊಳಗ ಬರ್ರಿ. ಬಗ್ಗಿ ಬರ್ರಿ, ಬಾಗಿಲು ಗಿಡ್ಡದು.

ಶಹಾಪುರ ತಾಲೂಕಿನ ಒಂದು ಊರಾಗ ನಮ್ಮ ಆಯಿ ಬಾಳೇವು ಮಾಡಿದ ಗುಡಸಲ ಹತ್ತು ಮೊಳ ಉದ್ದ, ಆರು ಮೊಳ ಅಗಲ ಇತ್ತು. ಅದರಾಗ ಮೂರು ತಲೆಮಾರು, ಒಂಬತ್ತು ಮಂದಿ, ಒಂದು ಆಡು, ನಾಲ್ಕು ಕೋಳಿ. ತೊಗರಿ ಕಟಗಿ ಹೆಣೆದು ಎರಡೂ ಬದಿ ಹೆಂಡಿ ಮಣ್ಣು ಮೆತ್ತಿದ ಗ್ವಾಡಿ. ಮ್ಯಾಲ ಜಾಲಿ ಕಟಗಿ, ಆಪಿನ ಹುಲ್ಲು, ಸಿಕ್ಕರೆ ಸೇಂದಿ ಗರಿ. ಕಿಟಕಿ ಇಲ್ಲ. ಹೊಗಿ ಹುಲ್ಲಿನ ಸಂದಿಯಿಂದ ಹೋಗಬೇಕು. ಒಂದು ಮೂಲ್ಯಾಗ ಮೂರು ಕಲ್ಲಿನ ಒಲಿ, ಒಂದು ಹರವಿ, ಒಂದು ಬೀಸೋಕಲ್ಲು, ಮ್ಯಾಲಿಂದ ಇಳಿಬಿಟ್ಟ ನೆಲವು. ನೆಲವಿನ ಗಡಗ್ಯಾಗ ಉಪ್ಪು, ಒಣ ಮೆಣಸಿನಕಾಯಿ. ಒಲಿ ಮ್ಯಾಲಿನ ಹಗ್ಗಕ್ಕ ಒಣಗಿಸಿದ ಖಂಡ. ಮಳೆಗಾಲದಾಗ ಜೋಳ ಇಲ್ಲದ ದಿನ ಜೀವ ಹಿಡಿದದ್ದು ಆ ಖಂಡ ಮತ್ತು ಪುಂಡಿಪಲ್ಯ. ಅದನ್ನ ತಿಂದರು ಅಂತ ಕೀಳು ಮಾಡಿದರು, ತಿನ್ನದಿದ್ದರೆ ಸಾಯತಿದ್ದರು ಅಂತ ಯಾರೂ ಬರೀಲಿಲ್ಲ.

ಹಾಸಾಕ ಹೊಚ್ಚಾಕ ಕೌದಿ. ವಾಡೆಯವರು ಬಿಸಾಕಿದ ಹಳೇ ಸೀರಿ, ಧೋತರ ಕೂಡಿಸಿ ಆಯಿ ಹೊಲೀತಿದ್ದಳು. ಈಗ ಅದೇ ಕೌದಿ ಪ್ಯಾಟ್ಯಾಗ ಕಲೆ ಅಂತ ಸಾವಿರಾರು ರೂಪಾಯಿಗೆ ಮಾರತದ. ಕಲೆ ಹೌದು, ಆದರೆ ಅದು ಚಳಿಯಿಂದ ಹುಟ್ಟಿದ ಕಲೆ. ಒಂದು ಕೌದಿ ಕೆಳಗ ನಾಲ್ಕು ಮಕ್ಕಳು. ಚಿಮಣಿ ದೀಪ ಉಂಡು ಮುಗಿಯೋ ತನಕ ಅಷ್ಟೇ. ಚಿಮಣಿ ಎಣ್ಣಿ ಸುಟ್ಟು ಓದೋದು ಅಂದರೆ ನಮ್ಮಪ್ಪನ ಕಾಲಕ್ಕ ದೊಡ್ಡ ಶ್ರೀಮಂತಿಕಿ.

ಹೆಂಗಸರ ದಿನಾ ಹೆಂಗಿತ್ತು? ಕೋಳಿ ಕೂಗೋಕಿಂತ ಮೊದಲು ಬೀಸೋಕಲ್ಲು. ಬೀಸಿದರೆ ಮಾತ್ರ ಅವತ್ತಿನ ರೊಟ್ಟಿ. ಬೀಸೋ ಪದ ಎಷ್ಟು ಚೆಂದ ಅಂತ ಜಾನಪದ ವಿದ್ವಾಂಸರು ಸಂಗ್ರಹ ಮಾಡ್ಯಾರ, ಒಳ್ಳೇದು. ನಮ್ಮ ಆಯಿನ್ನ ಕೇಳಿದರೆ "ನಿದ್ದಿ ಬರಬಾರದಂತ ಹಾಡತಿದ್ವಿ ತಮ್ಮಾ" ಅಂತಿದ್ದಳು. ಆಮೇಲೆ ನೀರು. ಊರ ಬಾವಿಗೆ ಕೊಡ ಬಿಡುವಂಗಿಲ್ಲ. ಬಾವಿ ದಂಡ್ಯಾಗ ನಿಂತು, ಯಾರಾದರೂ ಸೇದಿ ಮ್ಯಾಲಿಂದ ಸುರಿವಿದರೆ ಸೈ, ಇಲ್ಲದಿದ್ದರೆ ಹಳ್ಳದ ಉಸುಕಿನಾಗ ವರತಿ ತೋಡಿ, ಬೊಗಸಿಲಿಂದ ತುಂಬಬೇಕು. ಬ್ಯಾಸಿಗ್ಯಾಗ ಒಂದು ಕೊಡಕ್ಕ ಅರ್ಧ ತಾಸು. ಆಮೇಲೆ ವಾಡೆಯ ದನದ ಕೊಟ್ಟಿಗಿ. ಹೆಂಡಿ ತೆಗೆದು, ಕುಳ್ಳು ಬಡಿದು, ಗ್ವಾದಲಿ ಬಳಿದು ಬರೋದು. ಮುಂದಿನ ಬಾಗಿಲಿಂದಲ್ಲ, ಹಿತ್ತಲದಿಂದ. ಕೊಟ್ಟಿಗ್ಯಾಗಿನ ದನ ಮನಿಯ ಒಳಗ, ದನದ ಹೆಂಡಿ ತೆಗಿಯೋ ಹೆಣ್ಣುಮಗಳು ಮನಿಯ ಹೊರಗ. ಆ ಹೆಂಡೀಲೇ ಅಡಿಗಿ ಮನಿ ಸಾರಸ್ತಿದ್ದರು, ಸಾರಿಸಿದ ಮ್ಯಾಲ ಅದು ಮಡಿ. ಹೊರಗಿನ ಗ್ವಾಡಿಯ ಗೂಡಿನಾಗ ನಮಗಂತ ಬೇರೆ ಕಪ್ಪು. ಕುಡಿದು, ತೊಳೆದು, ಮತ್ತ ಅಲ್ಲೇ ಇಡಬೇಕು. ಸಂಜಿಗೆ ಮನಿಮನಿಗೆ ಹೋಗಿ "ಯವ್ವಾ, ರೊಟ್ಟಿ ನೀಡ್ರೀ" ಅನ್ನೋದು. ಸೆರಗಿಗೆ ಮ್ಯಾಲಿಂದ ಬೀಳೋ ರೊಟ್ಟಿ.

ಹಳೇ ಮನಿಯ ವಾಸ್ತು ಬಗ್ಗೆ ಮಾತಾಡೋರು ಗಾಳಿ ಬೆಳಕಿನ ಬಗ್ಗೆ ಮಾತಾಡತಾರ. ನಾನು ಹೇಳೋ ವಾಸ್ತು ಇದು: ಹಿತ್ತಲ ಬಾಗಿಲು, ಗೂಡಿನಾಗಿನ ಕಪ್ಪು, ಬಾವಿಯ ದಂಡಿ, ಮ್ಯಾಲಿಂದ ಬಿದ್ದ ರೊಟ್ಟಿ. ಇವೂ ಆ ಮನಿಯ ಭಾಗಗಳೇ. ಜಂತಿ ತೊಲಿ ಹೆಂಗೋ ಹಂಗ ಇವನ್ನೂ ಲೆಕ್ಕಕ್ಕ ಹಿಡೀಬೇಕು.

ನಮ್ಮ ಜನರ ಹಂತೇಕ ತೇದಿ ಇರಲಿಲ್ಲ, ಆದರೆ ಲೆಕ್ಕ ಇತ್ತು. ಗದ್ದಲದ ವರ್ಷ ಅಂದರೆ ರಜಾಕಾರರ ಕಾಲ, 1948. ಆ ಸೆಪ್ಟೆಂಬರ್ 17ಕ್ಕ ನಿಜಾಮ ಶರಣಾದ. 1956ರ ನವೆಂಬರ್ 1ಕ್ಕ ಕಲಬುರಗಿ ಜಿಲ್ಲೆ ಮೈಸೂರು ರಾಜ್ಯಕ್ಕ ಸೇರಿತು. ನಮ್ಮ ಆಯಿಗೆ ಇವೆರಡೂ ಗೊತ್ತಿರಲಿಲ್ಲ. ಆಕಿಗೆ ಗೊತ್ತಿದ್ದದ್ದು ಗದ್ದಲದಾಗ ಸುಟ್ಟ ಗುಡಸಲ, ಆಮೇಲೆ 1972ರ ಬರದಾಗ ಮಾರಿದ ಹಿತ್ತಾಳಿ ಕೊಡ. ರಾಜ್ಯ ಮೂರು ಬದಲಾದವು, ಬಿಟ್ಟಿ ಚಾಕರಿ ಬದಲಾಗಲಿಲ್ಲ. ನಿಜಾಮ ಹೋದ, ಗೌಡ ಉಳಿದ.

ಬದಲಾವಣೆ ಬಂದದ್ದು ಕಾಯ್ದೆಯಿಂದ, ಓದಿನಿಂದ, ಸಂಘಟನೆಯಿಂದ. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಿಂದ ಜಾರಿಗೆ ಬಂತು. ವಂಶಪಾರಂಪರ್ಯದ ಗೌಡಕಿ, ಕುಲಕರ್ಣಿಕಿಗೆ, ನಮ್ಮ ತಳವಾರಕಿ, ವಾಲೀಕಾರಕಿಗೆ ಕಾಗದದ ಮ್ಯಾಲ ಕೊನೆ ಬಿತ್ತು. 1968ರಲ್ಲಿ ಬಿ. ಶ್ಯಾಮಸುಂದರ್ ಅವರು ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದರು. ಕೇರಿಯ ಹುಡುಗರ ಧ್ವನಿ ಎದ್ದಿತು. ದೇವರಾಜ ಅರಸು ಅವರ ಕಾಲದಾಗ ಭೂ ಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ಕ್ಕ ಜಾರಿಯಾಯ್ತು. ಆ ಕಾಯ್ದೆಯ 38ನೇ ಕಲಂ ಬಗ್ಗೆ ಭಾಳ ಮಂದಿಗೆ ಗೊತ್ತಿಲ್ಲ. ಬೇರೆಯವರ ಹೊಲದಾಗ ಮನಿ ಕಟ್ಟಿಕೊಂಡು ಇದ್ದ ಕೃಷಿ ಕೂಲಿಕಾರನಿಗೆ ಆ ಮನಿ ಜಾಗದ ಹಕ್ಕು ಕೊಡೋ ಕಲಂ ಅದು. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ. ಅದೇ ಹೊತ್ತಿಗೆ ಜನತಾ ಮನಿಗಳು ಬಂದವು. ಆಮೇಲೆ ಆಶ್ರಯ, ಇಂದಿರಾ ಆವಾಸ್, ಅಂಬೇಡ್ಕರ್ ನಿವಾಸ, ಈಗ ಪ್ರಧಾನಮಂತ್ರಿ ಆವಾಸ್.

ಇವನ್ನ ನಾನು ಸಣ್ಣದು ಮಾಡಂಗಿಲ್ಲ. ನಮ್ಮವ್ವ ಮೊದಲ ಸಲ ಬಾಗಿಲಕ್ಕ ಕೀಲಿ ಹಾಕಿದ್ದು ಜನತಾ ಮನ್ಯಾಗ. ಗುಡಸಲಕ್ಕ ಕೀಲಿ ಇರಲಿಲ್ಲ, ಯಾರು ಬೇಕಾದರೂ ಒದ್ದು ಒಳಗ ಬರಬಹುದಿತ್ತು, ಬಂದೂ ಇದ್ದರು. ಕೇರಿ ಹೆಣ್ಣುಮಕ್ಕಳಿಗೆ ಕೀಲಿ ಅಂದರೆ ಏನು ಅನ್ನೋದು ವಾಡೇದಾಗ ಹುಟ್ಟಿದವರಿಗೆ ತಿಳಿಯಂಗಿಲ್ಲ. ಗಟ್ಟಿ ಮನಿ ಬಂದ ಮ್ಯಾಲ ಮಳೆಗಾಲದಾಗ ಪುಸ್ತಕ ತೋಯಲಿಲ್ಲ. ನಾನು ಓದಿದ್ದು ಹಾಂಗ. ಬಾಬಾಸಾಹೇಬರು ದಾದರದಾಗ ರಾಜಗೃಹ ಕಟ್ಟಿಸಿದ್ದು ಪುಸ್ತಕ ಇಡಾಕ. ನಮಗೂ ಮೊದಲು ಬೇಕಾದದ್ದು ಪುಸ್ತಕ ತೋಯದ ಒಂದು ಮೂಲಿ.

ಆದರೆ ಎರಡು ಮಾತು ಹೇಳಲೇಬೇಕು. ಒಂದು, ಜನತಾ ಕಾಲೋನಿಯನ್ನ ಎಲ್ಲಿ ಹಾಕಿದರು? ನಾನು ನೋಡಿದ ಊರುಗಳಲ್ಲಿ ಮತ್ತ ಕೇರಿ ಬಾಜೂಕೇ, ಮತ್ತ ನೀರು ಹರಿದು 'ಬರೋ' ಕಡೀಗೇ. ಹುಲ್ಲು ಹೋಗಿ ತಗಡು, ತಗಡು ಹೋಗಿ ಸ್ಲ್ಯಾಬ್ ಬಂತು, ಜಾಗ ಬದಲಾಗಲಿಲ್ಲ. ಸರ್ಕಾರದ ಎಂಜಿನಿಯರು ಕೂಡ ಹಳೇ ಊರಿನ ನಕ್ಷೆಯನ್ನೇ ತಿದ್ದದೆ ನಕಲು ಮಾಡಿದ. 1947ರಲ್ಲೇ ಬಾಬಾಸಾಹೇಬರು 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಅನ್ನೋ ಮನವಿಯಲ್ಲಿ ದಲಿತರಿಗೆ ಪ್ರತ್ಯೇಕ ವಸತಿ, ಅದಕ್ಕೊಂದು ಆಯೋಗ ಕೇಳಿದ್ದರು. ಊರಿನ ನಕ್ಷೆ ಇದ್ದಂಗ ಇರೋ ತನಕ ಮನೆ ಕೊಟ್ಟರೂ ಕೇರಿ ಕೇರಿಯಾಗೇ ಉಳೀತದ ಅಂತ ಅವರಿಗೆ ಗೊತ್ತಿತ್ತು.

ಎರಡು, ಮನಿಯ ಅಳತಿ. ಇವತ್ತಿನ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಮನೆಗೆ ಕನಿಷ್ಠ 25 ಚದರ ಮೀಟರ್. ನಮ್ಮ ಆಯಿಯ ಗುಡಸಲದ ಎರಡರಷ್ಟು, ಖರೆ. ಆದರೆ ಆಡು ಎಲ್ಲಿ ಕಟ್ಟಬೇಕು? ಕುಳ್ಳು, ಕಟಗಿ ಎಲ್ಲಿ ಇಡಬೇಕು? ಮದುವಿಯಾದ ಮಗ ಸೊಸಿ ಎಲ್ಲಿ ಮಲಗಬೇಕು? ನಮ್ಮ ಬ್ಯಾಸಿಗಿಗೆ ತಗಡಿನ ಕೆಳಗ ಕೂಡ್ರಾಕ ಆಗಂಗಿಲ್ಲ, ಮುದುಕರು ಇವತ್ತಿಗೂ ಬೇವಿನ ಗಿಡದ ಬುಡಕ್ಕ ಇರ್ತಾರ. ಹೆಂಡಿ ಮಣ್ಣಿನ ಗ್ವಾಡಿ ತಂಪಿತ್ತು ಅನ್ನೋದು ಸುಳ್ಳಲ್ಲ. ಅಂದಮಾತ್ರಕ್ಕ ನನಗ ಗುಡಸಲ ವಾಪಸ್ ಬ್ಯಾಡ. ಮಣ್ಣಿನ ಜ್ಞಾನ ನಮ್ಮದಿತ್ತು, ಆ ಜ್ಞಾನದಿಂದ ಗಟ್ಟಿಯಾದ, ತಂಪಾದ, ದೊಡ್ಡ ಮನಿ ಕಟ್ಟಿಕೊಳ್ಳೋ ಹಕ್ಕು ಮಾತ್ರ ನಮಗ ಇದ್ದಿಲ್ಲ. ನಾನು ಕೇಳೋದು ಆ ಹಕ್ಕು.

ಇನ್ನು ಇವತ್ತಿನ ಮಾತು. ನಾರಾಯಣಪುರ ಕಾಲುವೆ ಬಂದು ಸುರಪುರ, ಶಹಾಪುರದ ಭೂಮಿ ಹಸಿರಾಯ್ತು. ಹೊಲ ಇದ್ದವರ ಮನಿ ಮ್ಯಾಲ ಮಹಡಿ ಎದ್ದವು. ಹೊಲ ಇಲ್ಲದವರು ಯುಗಾದಿ ಮುಗಿಸಿ ಬೆಂಗಳೂರು, ಪುಣೆ, ಮುಂಬಯಿ ಬಸ್ಸು, ರೈಲು ಹತ್ತತಾರ. ಅಲ್ಲಿ ಏನು ಮಾಡತಾರ? ಮನಿ ಕಟ್ಟತಾರ. ಇಪ್ಪತ್ತು ಅಂತಸ್ತಿನ ಕಟ್ಟಡದ ಬುಡಕ್ಕ ನೀಲಿ ತಗಡಿನ ಶೆಡ್ಡು, ಅದರಾಗ ನಮ್ಮ ಯಾದಗಿರಿಯ ಗಂಡ ಹೆಂಡತಿ, ಇಬ್ಬರು ಮಕ್ಕಳು. ಶೆಡ್ಡಿನ ಅಳತಿ ಹೆಚ್ಚುಕಮ್ಮಿ ಅದೇ ಹತ್ತು ಮೊಳ, ಆರು ಮೊಳ. ಕಟ್ಟಡ ಮುಗಿದು ಮಾಲಕರು ಪೂಜೆ ಮಾಡಿದ ಮರುದಿನ ವಾಚ್‌ಮನ್ ಅದೇ ಕೂಲಿಯವನನ್ನ ಗೇಟಿನಾಗ ನಿಲ್ಲಿಸಿ 'ಯಾರು ಬೇಕು' ಅಂತ ಕೇಳತಾನ. ಮಾಳಗಿ ಕಥಿ ಮತ್ತ ಶುರುವಾಯ್ತು.

ಕಡೀ ಮಾತು ಕಾಗದದ್ದು. ಮನಿ ಅಂದರೆ ಗ್ವಾಡಿ ಅಲ್ಲ, ಅದರ ಬುಡದ ಜಾಗ. 2023ರ ಜನವರಿ 19ಕ್ಕ ಮಳಖೇಡದಾಗ ನಮ್ಮ ಐದು ಜಿಲ್ಲೆಯ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರು. ಒಳ್ಳೆ ಕೆಲಸ, ಲಂಬಾಣಿ ಬಂಧುಗಳಿಗೆ ಸಿಕ್ಕದ್ದು ನಮಗೂ ಸಂತೋಷ. ಆದರೆ ವಿಚಾರ ಮಾಡ್ರಿ, ತಲೆಮಾರುಗಟ್ಟಲೆ ಒಂದೇ ಜಾಗದಾಗ ಹುಟ್ಟಿ, ಬಾಳಿ, ಸತ್ತ ಜನರಿಗೆ 'ಈ ಜಾಗ ನಿನ್ನದು' ಅನ್ನೋ ಒಂದು ಹಾಳಿ ಸಿಗಾಕ 2023 ಆಗಬೇಕಾಯ್ತು. ನಾನು ಓಡಾಡೋ ಎಷ್ಟೋ ಕೇರಿಗಳಲ್ಲಿ ಇವತ್ತಿಗೂ ಆ ಹಾಳಿ ಇಲ್ಲ. ಮನಿ ಪಟ್ಟಿ ಮುತ್ಯಾನ ಹೆಸರಿಗೆ, ಇಲ್ಲಾ ಯಾರ ಹೆಸರಿಗೂ ಇಲ್ಲ. ಹಾಳಿ ಇಲ್ಲ ಅಂದರೆ ಮನಿ ಮಂಜೂರಿಲ್ಲ, ಸಾಲ ಇಲ್ಲ. ರಸ್ತೆ ಅಗಲ ಮಾಡುವಾಗ ಪರಿಹಾರ ಕೇಳಾಕ ಬಾಯಿಲ್ಲ. ಸರ್ಕಾರದ ಕಡತದಾಗ ನೂರಾರು ವರ್ಷದ ಕೇರಿ ಇವತ್ತಿಗೂ ಒತ್ತುವರಿ.

ಅದಕ್ಕ ಗೆಳೆಯರೇ, ಮೂರು ಕೆಲಸ ಮಾಡೋಣ. ನಿಮ್ಮ ನಿಮ್ಮ ಕೇರಿಯಾಗ ಎಪ್ಪತ್ತು ದಾಟಿದ ಆಯಿ, ಮುತ್ಯಾ ಯಾರಿದ್ದಾರೋ ಅವರ ಮುಂದ ಮೊಬೈಲ್ ಇಟ್ಟು ಕೇಳ್ರಿ: ಗುಡಸಲ ಎಷ್ಟು ಮೊಳ ಇತ್ತು, ನೀರು ಎಲ್ಲಿಂದ ತರತಿದ್ರಿ, ಯಾರ ಮಾಳಗಿಗೆ ಮಣ್ಣು ಹಾಕಿದ್ರಿ, ಗುಮ್ಮಿ ಯಾವ ತಿಂಗಳಿಗೆ ಖಾಲಿ ಆಗತಿತ್ತು. ಅವರ ಹೆಸರು, ಊರು, ವಯಸ್ಸು ಬರೆದಿಡ್ರಿ. ಅವರು ಹೋದರೆ ಈ ಲೆಕ್ಕ ಮತ್ತ ಸಿಗಂಗಿಲ್ಲ.

ಎರಡನೇದು, ಕೇರಿಯ ನಕ್ಷೆ ನೀವೇ ಬರೀರಿ. ಮನಿ, ಬಾವಿ, ಅಗಸಿ, ಬಚ್ಚಲ ನೀರು ಹರಿಯೋ ದಾರಿ, ಎಲ್ಲಾ. ಅದು ಇತಿಹಾಸಕ್ಕೂ ಬೇಕು, ನಾಳೆ ಗ್ರಾಮಸಭೆಗೂ ಬೇಕು.

ಮೂರನೇದು, ಪಂಚಾಯ್ತಿಗೆ ಹೋಗಿ ನಿಮ್ಮ ಮನಿಯ ಇ-ಸ್ವತ್ತು ಆಗ್ಯದೋ ಇಲ್ಲೋ, ನಮೂನೆ 9, 11 ಯಾರ ಹೆಸರಿಗೆ ಬರ್ತದ ಅಂತ ಕೇಳ್ರಿ. ಆಗಿಲ್ಲ ಅಂದರೆ ಅರ್ಜಿ ಕೊಟ್ಟು ಸ್ವೀಕೃತಿ ತಗೊಳ್ರಿ. ಬಾಯಿ ಮಾತಿಗೆ ವಾಪಸ್ ಬರಬ್ಯಾಡ್ರಿ. ಹಕ್ಕುಪತ್ರ ಮನಿಯ ಹೆಣ್ಣುಮಗಳ ಹೆಸರಿಗೆ ಇರಲಿ, ನೆಲ ಸಾರಿಸಿ ಸಾರಿಸಿ ಆ ಜಾಗ ಉಳಿಸಿಕೊಂಡದ್ದು ಆಕೀನೇ.

ವಾಡೆಗಳ ಫೋಟೋ ಹಾಕೋರು ಹಾಕ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ. ಕೆಳಗ ಒಂದು ಸಾಲು ಸೇರಿಸ್ರಿ, ಇದನ್ನ ಯಾವ ಕೇರಿಯವರು ಕಟ್ಟಿದರು ಅಂತ. ನಿಮ್ಮ ಕೇರಿಯ ಅಳತಿ, ನಿಮ್ಮ ಆಯಿಯ ಮಾತು ಕಾಮೆಂಟಿನಾಗ ಬರೀರಿ. ನಾನು ಎಲ್ಲಾ ಕೂಡಿಸಿ ಇಡತೀನಿ.

ಜೈಭೀಮ್.